ಸೋಮವಾರವೇ ಯಾಕೆ ಸೋರುತ್ತದೆ? ಸ್ಟೀಮ್, ಗಾಳಿ, ಆಸಿಡ್ ಲೈನುಗಳಿಗೆ ಯಾವ ಜಾಯಿಂಟ್ ಸರಿ

ಪ್ರಶ್ನೆ: ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕೆಮಿಕಲ್ ಘಟಕ ಇದೆ. ಗಂಟೆಗೆ 600 ಕೆ.ಜಿ. ಸ್ಟೀಮ್ ಕೊಡುವ ಬಾಯ್ಲರ್, ಚದರ ಸೆಂ.ಮೀ.ಗೆ 8 ಕೆ.ಜಿ. ಒತ್ತಡದಲ್ಲಿ ನಡೆಸುತ್ತೇವೆ. ಬಾಯ್ಲರ್ ಮನೆಯಿಂದ ರಿಯಾಕ್ಟರ್ ಶೆಡ್‌ವರೆಗೆ ಒಂದೂವರೆ ಇಂಚಿನ ಜಿ.ಐ. ಪೈಪ್ ಗೋಡೆಗುಂಟ ಸುಮಾರು 40 ಮೀಟರ್ ನೆಟ್ಟಗೆ ಹೋಗಿದೆ. ಎಲ್ಲಾ ಚೂಡಿ (ತಿರುಪಿನ ಹಲ್ಲಿನ) ಜಾಯಿಂಟ್. ಭಾನುವಾರ ಬಂದ್ ಇಟ್ಟು ಸೋಮವಾರ ಬೆಳಗ್ಗೆ ಶುರು ಮಾಡಿದರೆ ಮೂರ್ನಾಲ್ಕು ಎಲ್ಬೋ (ಪೈಪ್ ತಿರುವಿನ ಫಿಟಿಂಗ್) ಹನಿಯುತ್ತವೆ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಶುರು ಮಾಡುವಾಗ ಠಣ್ ಠಣ್ ಅಂತ ಶಬ್ದವೂ ಬರುತ್ತದೆ. ಇನ್ನೊಂದು ಸುತ್ತು ಬಿಗಿದರೆ ಸರಿಹೋಗುತ್ತದೆ ಅಂತ ನಮ್ಮ ಫಿಟ್ಟರ್ ಹೇಳುತ್ತಾನೆ. ಒಬ್ಬ ಕಾಂಟ್ರಾಕ್ಟರ್ ಎಲ್ಲಾ ಕಡೆ 300 ಕ್ಲಾಸ್ ಫ್ಲ್ಯಾಂಜ್ (ಬೋಲ್ಟಿನಿಂದ ಜೋಡಿಸುವ ದಪ್ಪ ಬಿಲ್ಲೆ) ಹಾಕಿ ಅನ್ನುತ್ತಾರೆ. ಮತ್ತೊಬ್ಬರು ಒಂದು ಜಾಯಿಂಟೂ ಬಿಡದೆ ವೆಲ್ಡ್ ಮಾಡಿಸಿಬಿಡಿ ಅನ್ನುತ್ತಾರೆ. ಎರಡೂ ಕೊಟೇಶನ್ ನೋಡಿ ತಲೆ ಕೆಟ್ಟಿದೆ. ಇದರ ಜೊತೆಗೆ ಕಂಪ್ರೆಸರ್ ಗಾಳಿ, ಹೈಡ್ರೋಕ್ಲೋರಿಕ್ ಆಸಿಡ್ ಮತ್ತು ಕಾಸ್ಟಿಕ್ ಲೈ (ಕಾಸ್ಟಿಕ್ ಸೋಡಾ ದ್ರಾವಣ) ಲೈನುಗಳನ್ನೂ ಹೊಸದಾಗಿ ಹಾಕಬೇಕಿದೆ. ಯಾವುದಕ್ಕೆ ಯಾವ ಫಿಟಿಂಗ್ ತರಿಸಲಿ?
— ಹೆಸರು ಬೇಡ, ಬೀದರ್

ಉತ್ತರ:

ಸೋಮವಾರ ಹನಿಯುತ್ತದೆ, ಮಧ್ಯಾಹ್ನ ನಿಲ್ಲುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಬೇಕಾಗಿದ್ದು ಈ ಎರಡು ಮಾತು. ಫಿಟಿಂಗ್ ಕೆಟ್ಟಿದ್ದರೆ ಅದು ವಾರಪೂರ್ತಿ ಸೋರಬೇಕಿತ್ತು. ವಾರಕ್ಕೊಮ್ಮೆ ಸೋರಿ ಮತ್ತೆ ಒಣಗುತ್ತಿದೆ ಅಂದರೆ ನಿಮ್ಮ ಪೈಪ್ ಅಲ್ಲಾಡುತ್ತಿದೆ. ಅದನ್ನು ಹಾಗೇ ಬಿಟ್ಟು ಬರೀ ಜಾಯಿಂಟ್ ಬದಲಿಸಿದರೆ ಫ್ಲ್ಯಾಂಜ್ ಹಾಕಿದರೂ ಸೋರುತ್ತದೆ, ವೆಲ್ಡ್ ಮಾಡಿದರೂ ಒಂದು ದಿನ ಸೀಳುತ್ತದೆ. ಆದ್ದರಿಂದ ಮೊದಲು ಪೈಪಿನ ಮಾತು, ಆಮೇಲೆ ಜಾಯಿಂಟಿನ ಮಾತು.

ಒಂದು ಸಣ್ಣ ಲೆಕ್ಕ ಮಾಡೋಣ. ಉಕ್ಕಿನ ಪೈಪ್ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. 8 ಕೆ.ಜಿ. ಒತ್ತಡದ ಸ್ಟೀಮ್ ಅಂದರೆ ಸುಮಾರು 175 ಡಿಗ್ರಿ ಸೆಲ್ಸಿಯಸ್. ಬೆಳಗ್ಗೆ ಪೈಪ್ 30 ಡಿಗ್ರಿ ಇತ್ತು ಅಂದುಕೊಳ್ಳಿ. 145 ಡಿಗ್ರಿ ಏರಿಕೆ, 40 ಮೀಟರ್ ಉದ್ದ. ಗುಣಿಸಿದರೆ ಹತ್ತಿರ ಹತ್ತಿರ 70 ಮಿ.ಮೀ. ನಿಮ್ಮ ಕೈಯ ನಾಲ್ಕು ಬೆರಳು ಜೋಡಿಸಿ ಹಿಡಿಯಿರಿ. ಅಷ್ಟು ಅಗಲ. ಪ್ರತಿ ಸೋಮವಾರ ನಿಮ್ಮ ಲೈನ್ ಇಷ್ಟು ಬೆಳೆಯುತ್ತದೆ, ಪ್ರತಿ ಶನಿವಾರ ರಾತ್ರಿ ಇಷ್ಟೇ ಕುಗ್ಗುತ್ತದೆ.

ಈ ನಾಲ್ಕು ಬೆರಳು ಎಲ್ಲಿಗೆ ಹೋಗಬೇಕು? ಒಂದು ತುದಿ ಬಾಯ್ಲರ್‌ಗೆ ಕಟ್ಟಿದೆ, ಇನ್ನೊಂದು ತುದಿ ರಿಯಾಕ್ಟರ್‌ಗೆ ಕಟ್ಟಿದೆ. ನಡುವೆ ಗೋಡೆಗೆ ಕ್ಲಾಂಪ್ ಬಿಗಿದಿದ್ದೀರಿ. ಹೋಗೋಕೆ ಜಾಗ ಇಲ್ಲದೆ ಪೈಪ್ ಎಲ್ಬೋಗಳನ್ನು ತಿರುಚುತ್ತದೆ. ಎಲ್ಬೋ ಚೂಡಿಯಲ್ಲಿ ಕೂದಲೆಳೆಯಷ್ಟು ತಿರುಗಿದರೂ ಸಾಕು, ಒಳಗಿನ ಸೆಣಬು, ಟೇಪು ಹರಿಯುತ್ತದೆ. ತಣ್ಣಗಾದಾಗ ಆ ಸಂದು ತೆರೆದೇ ಇರುತ್ತದೆ. ಮತ್ತೆ ಕಾದಾಗ ಪೈಪ್ ಹಿಗ್ಗಿ ಎಲ್ಬೋ ಒಳಗೆ ಬಿಗಿಯಾಗುತ್ತದೆ. ಹನಿ ಅಲ್ಲೇ ಆವಿಯಾಗಿ ಹೋಗುತ್ತದೆ. ನೀವು ಸೋರಿಕೆ ನಿಂತಿತು ಅಂದುಕೊಳ್ಳುತ್ತೀರಿ. ಸೋರಿಕೆ ಇನ್ನೂ ಇದೆ, ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ.

ಠಣ್ ಠಣ್ ಶಬ್ದ ಬೇರೆ ರೋಗ, ಆದರೆ ಅದೇ ಮನೆಯದು. ಭಾನುವಾರ ಲೈನಿನಲ್ಲಿ ಉಳಿದ ಸ್ಟೀಮ್ ನೀರಾಗುತ್ತದೆ. ಪೈಪ್ ಎಲ್ಲಿ ಜೋತು ಬಿದ್ದಿದೆಯೋ ಅಲ್ಲಿ ಆ ನೀರು ನಿಲ್ಲುತ್ತದೆ. ಸೋಮವಾರ ವಾಲ್ವ್ ಒಮ್ಮೆಲೇ ತೆರೆದರೆ ಸ್ಟೀಮ್ ಆ ನೀರನ್ನು ಗುಂಡಿನ ಹಾಗೆ ತಳ್ಳಿಕೊಂಡು ಹೋಗಿ ಮೊದಲು ಸಿಕ್ಕ ಎಲ್ಬೋಗೆ ಹೊಡೆಯುತ್ತದೆ. ಇದೇ ವಾಟರ್ ಹ್ಯಾಮರ್. ಇದನ್ನು ಸುಮ್ನೆ ಶಬ್ದ ಅಂತ ಬಿಡಬೇಡಿ. ಎರಕದ ವಾಲ್ವ್ ಒಡೆದು ಜನ ಸತ್ತಿದ್ದು ಹೀಗೆಯೇ.

ಇನ್ನೊಂದು ಸುತ್ತು ಬಿಗಿಯೋಣ ಅನ್ನುವ ಮಾತು

ನಿಮ್ಮ ಫಿಟ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದವರು ಹಾಗೇ ಕಲಿಸಿದ್ದಾರೆ. ಆದರೆ ದಯವಿಟ್ಟು ಈ ಕೆಲಸ ಇವತ್ತೇ ನಿಲ್ಲಿಸಿ, ಅದರಲ್ಲೂ ಸ್ಟೀಮ್ ಇರುವಾಗ.

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದೂವರೆ ಇಂಚಿನ ಒಂದು ನಿಪ್ಪಲ್, ಅಂದರೆ ಎರಡೂ ತುದಿಗೆ ಚೂಡಿ ಇರುವ ಗಿಡ್ಡ ಪೈಪ್ ತುಂಡು, ಇದೆ. ಇಪ್ಪತ್ತು ವರ್ಷದ ಹಿಂದೆ ಕಲಬುರಗಿ ಜಿಲ್ಲೆಯ ಒಂದು ಕಾರ್ಖಾನೆಯಿಂದ ತಂದಿದ್ದು. ಹನಿಯುತ್ತಿದ್ದ ಎಲ್ಬೋವನ್ನು ಲೈನ್ ಚಾಲೂ ಇದ್ದಾಗಲೇ ಪೈಪ್ ಪಾನಾ ಹಾಕಿ ಒಬ್ಬ ಹುಡುಗ ಬಿಗಿಯಲು ಹೋದ. ನಿಪ್ಪಲ್ ಚೂಡಿಯ ಬುಡದಲ್ಲಿ ಕಡಿದು ಬಂತು. ಬಲಗೈ ಮೊಣಕೈವರೆಗೆ ಸುಟ್ಟಿತು. ಮೂರು ತಿಂಗಳು ಕೆಲಸಕ್ಕೆ ಬರಲಿಲ್ಲ. ಆ ನಿಪ್ಪಲ್ ಕಡಿದ ಜಾಗ ನೋಡಿದರೆ ಕಾರಣ ಕಾಣುತ್ತದೆ. ಮುಕ್ಕಾಲು ಭಾಗ ಕಪ್ಪಾಗಿದೆ, ತುಕ್ಕು ಹಿಡಿದಿದೆ, ಅಂದರೆ ಅದು ಎಷ್ಟೋ ತಿಂಗಳ ಹಿಂದೆಯೇ ಸೀಳಿತ್ತು. ಕಾಲು ಭಾಗ ಮಾತ್ರ ಹೊಸದಾಗಿ ಹೊಳೆಯುತ್ತದೆ. ಅಷ್ಟೇ ಲೋಹ ಆ ದಿನದವರೆಗೆ ಹಿಡಿದುಕೊಂಡಿತ್ತು.

ಯಾಕೆ ಚೂಡಿಯಲ್ಲೇ ಕಡಿಯುತ್ತದೆ? ಒಂದೂವರೆ ಇಂಚಿನ ಮೀಡಿಯಂ ಪೈಪ್, ಅಂದರೆ ನೀಲಿ ಪಟ್ಟಿಯದು, 3.2 ಮಿ.ಮೀ. ದಪ್ಪ. ಅದರಲ್ಲಿ ಚೂಡಿ ಕತ್ತರಿಸಿದರೆ ಸುಮಾರು 1.5 ಮಿ.ಮೀ. ಹೋಗುತ್ತದೆ. ಉಳಿದದ್ದು 1.7. ನೀವು ದುಡ್ಡು ಕೊಟ್ಟಿದ್ದು 3.2ಕ್ಕೆ, ಲೈನ್ ನಿಂತಿರುವುದು 1.7ರ ಮೇಲೆ. ಅದರ ಮೇಲೆ ವಾರಕ್ಕೊಮ್ಮೆ ತಿರುಚುವುದು, ಒಳಗಿನಿಂದ ತುಕ್ಕು, ಹೊರಗಿನಿಂದ ಪಾನಾ.

ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದರೆ ಸೋರುವುದಿಲ್ಲ ಅನ್ನುವುದೂ ಇಂಥದ್ದೇ ನಂಬಿಕೆ. ಟೇಪರ್ ಚೂಡಿ ಬೆಣೆ ಹೊಡೆದ ಹಾಗೆ ಲೋಹಕ್ಕೆ ಲೋಹ ಒತ್ತಿ ಸೀಲ್ ಆಗುತ್ತದೆ. ಟೇಪ್ ಆಗಲಿ, ಸೆಣಬು ಮತ್ತು ಸಫೇದಾ (ಬಿಳಿ ಲೇಪ) ಆಗಲಿ, ಚೂಡಿ ಸುಲಭವಾಗಿ ತಿರುಗಲು ಮತ್ತು ಉಳಿದ ಸಣ್ಣ ಸಂದು ತುಂಬಲು ಇರುವ ವಸ್ತು. ಎರಡು ಮೂರು ಸುತ್ತು ಸಾಕು. ಹತ್ತು ಸುತ್ತು ಸುತ್ತಿದರೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ, ಇಲ್ಲವೇ ಎಲ್ಬೋ ಬಾಯಿ ಸೀಳುತ್ತದೆ.

ಮೊದಲು ಪೈಪಿಗೆ ಜಾಗ ಕೊಡಿ

ಜಾಯಿಂಟ್ ಯಾವುದೇ ಇರಲಿ, ಈ ಕೆಲಸ ಮಾಡಲೇಬೇಕು. ಲೈನಿನ ಎರಡೂ ತುದಿಗೆ ಗಟ್ಟಿ ಆಂಕರ್, ಅಂದರೆ ಪೈಪ್ ಅಲ್ಲಾಡದಂತೆ ಹಿಡಿಯುವ ಕಟ್ಟು, ಕೊಡಿ. ನಡುವೆ ಒಂದು ಯು ಆಕಾರದ ಲೂಪ್ ಹಾಕಿ. ನಿಮ್ಮ 70 ಮಿ.ಮೀ. ಹಿಗ್ಗಿಗೆ, ಒಂದೂವರೆ ಇಂಚಿನ ಪೈಪಿಗೆ, ಸುಮಾರು 1.75 ಮೀಟರ್ ಉದ್ದದ ಎರಡು ಕಾಲು, ನಡುವೆ 0.9 ಮೀಟರ್ ಅಗಲ ಬರುತ್ತದೆ. ಇದು ನನ್ನ ಕೈಲೆಕ್ಕ. ಡ್ರಾಯಿಂಗ್ ಮಾಡುವವರು ಇನ್ನೊಮ್ಮೆ ಲೆಕ್ಕ ಹಾಕಲಿ. ಲೂಪನ್ನು ನೆಲಕ್ಕೆ ಸಮನಾಗಿ ಮಲಗಿಸಿ. ನಿಲ್ಲಿಸಿದರೆ ಅದರ ಬುಡದಲ್ಲಿ ನೀರು ನಿಂತು ಮತ್ತೆ ಠಣ್ ಠಣ್ ಶುರುವಾಗುತ್ತದೆ.

ಆಂಕರ್ ಬಿಟ್ಟು ಬೇರೆ ಕ್ಲಾಂಪುಗಳಲ್ಲಿ ಪೈಪ್ ಜಾರಬೇಕು. ಬಿಗಿಯಬೇಡಿ, ಹಿಡಿದುಕೊಂಡರೆ ಸಾಕು. ಮೂರು ಮೀಟರಿಗೊಂದು ಸಪೋರ್ಟ್ ಇದ್ದರೆ ಪೈಪ್ ಜೋತು ಬೀಳುವುದಿಲ್ಲ. ಸ್ಟೀಮ್ ಹರಿಯುವ ದಿಕ್ಕಿಗೆ 100 ಮೀಟರಿಗೆ ಒಂದು ಮೀಟರಿನಂತೆ ಇಳಿಜಾರು ಕೊಡಿ. ನಿಮ್ಮ 40 ಮೀಟರಿಗೆ 40 ಸೆಂ.ಮೀ. ಇಳಿಜಾರಿನ ಕೊನೆಗೆ, ರಿಯಾಕ್ಟರ್ ಮುಂಚೆ, ಪೈಪಿನಷ್ಟೇ ಗಾತ್ರದ ಟೀ (T ಆಕಾರದ ಫಿಟಿಂಗ್) ಹಾಕಿ ಕೆಳಗೆ ನೀರು ಕೂಡುವ ಪಾಕೆಟ್ ಮಾಡಿ, ಅದಕ್ಕೆ ಸ್ಟೀಮ್ ತಡೆದು ನೀರನ್ನು ಮಾತ್ರ ಹೊರಬಿಡುವ ಸ್ಟೀಮ್ ಟ್ರ್ಯಾಪ್ ಕೊಡಿ. ದುಡ್ಡು ಉಳಿಸಲು ಅರ್ಧ ಇಂಚಿನ ತೂತು ಕೊರೆದು ಟ್ರ್ಯಾಪ್ ಹಾಕುವುದನ್ನು ನಮ್ಮ ಕಡೆ ಬಹಳ ನೋಡಿದ್ದೇನೆ. ನೀರು ಆ ತೂತಿನ ಮೇಲೆ ಹಾರಿ ಮುಂದೆ ಹೋಗುತ್ತದೆ, ಟ್ರ್ಯಾಪ್ ಒಣಗಿ ಕೂತಿರುತ್ತದೆ. ದಾರಿಯಲ್ಲಿ ಪೈಪಿನ ಗಾತ್ರ ಇಳಿಸಬೇಕಾದರೆ ಕೆಳಭಾಗ ಸಪಾಟಾಗಿರುವ ಎಕ್ಸೆಂಟ್ರಿಕ್ ರೆಡ್ಯೂಸರ್ ಹಾಕಿ. ಸಾದಾ ರೆಡ್ಯೂಸರ್ ಹಾಕಿದರೆ ಸ್ಟೀಮ್ ಅದನ್ನು ಸೇರುವ ಬದಿಯಲ್ಲಿ ನೀರಿನ ಮಡು ಉಳಿಯುತ್ತದೆ.

ಈಗ ಜಾಯಿಂಟ್

ನಿಮ್ಮ ಮುಂದೆ ನಾಲ್ಕು ದಾರಿ ಇವೆ.

ಚೂಡಿ ಜಾಯಿಂಟನ್ನೇ ಉಳಿಸಿಕೊಂಡು ಲೂಪ್, ಇಳಿಜಾರು ಸರಿ ಮಾಡುವುದು ಎಲ್ಲಕ್ಕಿಂತ ಅಗ್ಗ. ಸೋರಿಕೆ ಬಹಳ ಕಡಿಮೆಯಾಗುತ್ತದೆ. ಆದರೆ ಈ ಒತ್ತಡ, ಈ ಕಾವು, ವಾರಕ್ಕೊಮ್ಮೆ ತಣ್ಣಗಾಗುವ ಲೈನ್, ಇಷ್ಟು ಸೇರಿದರೆ ನಾನು ಚೂಡಿಯನ್ನು ಶಿಫಾರಸು ಮಾಡುವುದಿಲ್ಲ. ಗೇಜಿಗೆ, ಸಣ್ಣ ಡ್ರೈನಿಗೆ ಇರಲಿ. ಜಿ.ಐ. ಪೈಪ್ ಅಂತೂ ಸ್ಟೀಮಿಗೆ ಬೇಡ. ಅದರ ಸತುವಿನ ಲೇಪ ನೀರಿನ ಲೈನಿಗೆ ಅಂತ ಇರುವುದು.

ಸಾಕೆಟ್ ವೆಲ್ಡ್, ಅಂದರೆ ಪೈಪನ್ನು ಫಿಟಿಂಗಿನ ಬಾಯೊಳಗೆ ತೂರಿಸಿ ಹೊರಗಿನಿಂದ ಬೆಸೆಯುವುದು, ನಿಮ್ಮ ಸ್ಟೀಮ್ ಲೈನಿಗೆ ನನ್ನ ಆಯ್ಕೆ. ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಪೈಪ್, ಶೆಡ್ಯೂಲ್ 80, ದಪ್ಪ 5 ಮಿ.ಮೀ. ಚಿಲ್ಲರೆ. ಅದಕ್ಕೆ ಎ-105 ಫೋರ್ಜ್ಡ್ ಫಿಟಿಂಗ್, 3000 ಕ್ಲಾಸ್. ಇಲ್ಲಿ ಚೂಡಿ ಕತ್ತರಿಸುವುದಿಲ್ಲ, ಆದ್ದರಿಂದ ಪೂರ್ತಿ ದಪ್ಪ ನಿಮ್ಮದೇ. ಪೈಪ್ ತಾನೇ ಸಾಕೆಟ್ ಒಳಗೆ ಕೂರುವುದರಿಂದ ನೆಟ್ಟಗೆ ಇಡುವುದೂ ಸುಲಭ. ಒಂದು ಮಾತು ಮಾತ್ರ ವೆಲ್ಡರ್‌ಗೆ ಖುದ್ದು ನಿಂತು ಹೇಳಿ. ಪೈಪನ್ನು ಸಾಕೆಟ್ ತಳಕ್ಕೆ ತಾಗಿಸಿ, ಬಾಯಿ ಹತ್ತಿರ ಚಾಕ್‌ಪೀಸಿನಿಂದ ಗೆರೆ ಎಳೆದು, ಆಮೇಲೆ ಸುಮಾರು ಒಂದೂವರೆ ಮಿ.ಮೀ. ಹಿಂದೆ ಎಳೆದು ವೆಲ್ಡ್ ಮಾಡಬೇಕು. ಗೆರೆ ಸಾಕೆಟ್ ಬಾಯಿಯಿಂದ ಅಷ್ಟು ದೂರ ಕಾಣಬೇಕು. ಈ ಸಂದು ಬಿಡದಿದ್ದರೆ ಪೈಪ್ ಕಾದು ತಳಕ್ಕೆ ಒತ್ತಿ, ವೆಲ್ಡ್ ಒಳಗಿನಿಂದ ಸೀಳುತ್ತದೆ. ವೆಲ್ಡ್ ಆದಮೇಲೆ ಇದನ್ನು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಆದ್ದರಿಂದ ವೆಲ್ಡಿಗೆ ಮೊದಲೇ ಆ ಚಾಕ್ ಗೆರೆ ನೋಡಿಕೊಳ್ಳಿ.

ಬಟ್ ವೆಲ್ಡ್, ಅಂದರೆ ತುದಿಗೆ ತುದಿ ಇಟ್ಟು ಬೆಸೆಯುವುದು, ಎರಡು ಇಂಚು ಮತ್ತು ಅದಕ್ಕಿಂತ ದೊಡ್ಡ ಲೈನಿಗೆ ಬಹಳ ಒಳ್ಳೆಯದು. ಒಳಗೆ ಸಂದಿಲ್ಲ, ಎಕ್ಸ್-ರೇ ತೆಗೆದು ಪರೀಕ್ಷಿಸಬಹುದು. ಎಲ್ಬೋ ಲಾಂಗ್ ರೇಡಿಯಸ್ ತಗೊಳ್ಳಿ. ಆದರೆ ಸಣ್ಣ ಪೈಪಿನಲ್ಲಿ ಕೈ ಪಳಗದ ವೆಲ್ಡರ್ ಮಾಡಿದರೆ ಲೋಹ ಒಳಗೆ ಇಳಿದು ಪೈಪಿನ ಬಾಯಿ ಕಟ್ಟುತ್ತದೆ. ಮೊದಲ ಸುತ್ತು ಟಿಗ್ ವೆಲ್ಡಿಂಗ್‌ನಲ್ಲೇ ಆಗಬೇಕು. ಅಂಥ ವೆಲ್ಡರ್ ನಿಮಗೆ ಸಿಕ್ಕರೆ ಒಂದೂವರೆ ಇಂಚಿಗೂ ಮಾಡಿಸಬಹುದು.

ಎಲ್ಲಾ ಕಡೆ ಫ್ಲ್ಯಾಂಜ್ ಅನ್ನುವುದು ಬೇಡ. ಫ್ಲ್ಯಾಂಜ್ ಅಂದರೆ ತೆರೆಯಲು ಇಟ್ಟ ಬಾಗಿಲು. ಗೋಡೆ ಪೂರ್ತಿ ಬಾಗಿಲು ಇಡುತ್ತಾರಾ? ಪ್ರತಿ ಫ್ಲ್ಯಾಂಜಿಗೂ ಒಂದು ಪ್ಯಾಕಿಂಗ್, ನಾಲ್ಕು ಬೋಲ್ಟು, ಮೇಲೆ ಭಾರ. ಬಿಸಿ ತಣ್ಣಗೆ ಆಗುವ ಲೈನಿನಲ್ಲಿ ಬೋಲ್ಟು ಸಡಿಲವಾಗುತ್ತಾ ಹೋಗುತ್ತವೆ. ಬಾಯ್ಲರ್ ವಾಲ್ವ್, ರಿಯಾಕ್ಟರ್ ವಾಲ್ವ್, ಕಂಟ್ರೋಲ್ ವಾಲ್ವ್ ಹತ್ತಿರ ಇರಲಿ. ಟ್ರ್ಯಾಪ್ ಬಿಚ್ಚಲು ಸುಲಭವಾಗಲಿ ಅಂತ ಅದರ ಎರಡೂ ಬದಿ ಯೂನಿಯನ್ (ಬಿಚ್ಚಲು ಬರುವ ಚೂಡಿ ಜೋಡಣೆ) ಹಾಕಿದರೆ ಸಾಕು. ಒಂದೂ ಬಿಡದೆ ವೆಲ್ಡ್ ಮಾಡಿ ಅನ್ನುವವರ ಮಾತು ಇಲ್ಲಿ ತಪ್ಪುವುದು. ನಾಳೆ ವಾಲ್ವ್ ಕೆಟ್ಟರೆ ಗ್ಯಾಸ್ ಕಟರ್ ತರಬೇಕಾಗುತ್ತದೆ.

300 ಕ್ಲಾಸ್ ಬಗ್ಗೆಯೂ ಹೇಳಿಬಿಡುತ್ತೇನೆ. 150 ಕ್ಲಾಸ್ ಅಂದರೆ ಬರೀ 150 ಪೌಂಡ್ ಒತ್ತಡ ತಡೆಯುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಕಾರ್ಬನ್ ಸ್ಟೀಲ್ 150 ಕ್ಲಾಸ್ ಫ್ಲ್ಯಾಂಜ್ 38 ಡಿಗ್ರಿಯಲ್ಲಿ 19.6 ಬಾರ್, 200 ಡಿಗ್ರಿಯಲ್ಲಿ 13.8 ಬಾರ್ ತಡೆಯುತ್ತದೆ. ಕಾವು ಏರಿದ ಹಾಗೆ ತಾಕತ್ತು ಇಳಿಯುತ್ತದೆ. ನಿಮ್ಮ 8 ಕೆ.ಜಿ., 175 ಡಿಗ್ರಿಗೆ 150 ಕ್ಲಾಸ್ ಧಾರಾಳವಾಗಿ ಸಾಕು. 300ಕ್ಕೆ ಕೊಡುವ ದುಡ್ಡನ್ನು ಲೂಪಿಗೆ, ಟ್ರ್ಯಾಪಿಗೆ, ಒಳ್ಳೆಯ ಬೋಲ್ಟಿಗೆ ಹಾಕಿ.

ಫ್ಲ್ಯಾಂಜ್ ಖರೀದಿಸುವಾಗ ಒಂದು ಮೋಸಕ್ಕೆ ಸಿಕ್ಕಿಬೀಳಬೇಡಿ. ಹಳೇ ವಾಲ್ವುಗಳು ಟೇಬಲ್ ಇ ಅನ್ನುವ ಹಳೇ ಬ್ರಿಟಿಷ್ ಅಳತೆಯವು ಇರಬಹುದು. ಎರಡು ಇಂಚಿನ ಟೇಬಲ್ ಇ ಫ್ಲ್ಯಾಂಜಿನಲ್ಲಿ ಎದುರುಬದುರು ತೂತುಗಳ ಅಂತರ 114 ಮಿ.ಮೀ., 150 ಕ್ಲಾಸಿನಲ್ಲಿ ಹತ್ತಿರ 121 ಮಿ.ಮೀ. ಎರಡರಲ್ಲೂ ನಾಲ್ಕೇ ತೂತು, ಕಣ್ಣಿಗೆ ಒಂದೇ ಥರ. ಕೂರಿಸುವಾಗ ಬೋಲ್ಟು ಹೋಗುವುದಿಲ್ಲ. ಆಗ ಗ್ಯಾಸಿನಿಂದ ತೂತು ದೊಡ್ಡದು ಮಾಡುತ್ತಾರೆ. ಅಂಥ ಫ್ಲ್ಯಾಂಜಿನಲ್ಲಿ ಬೋಲ್ಟಿನ ತಲೆಗೆ ಕೂರಲು ಜಾಗವೇ ಇರುವುದಿಲ್ಲ. ಮೊದಲೇ ಟೇಪ್ ಹಿಡಿದು ಅಳೆಯಿರಿ.

ಪ್ಯಾಕಿಂಗ್ ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವುದು ತಲೆಕೆಳಗಾದ ಮಾತು. ತೆಳು ಪ್ಯಾಕಿಂಗೇ ಗಟ್ಟಿ ಹಿಡಿಯುತ್ತದೆ. ದಪ್ಪದ್ದು ದಿನ ಕಳೆದಂತೆ ಕುಸಿಯುತ್ತದೆ, ಬದಿಗೆ ಹಾರುತ್ತದೆ. ಸ್ಟೀಮಿಗೆ ಗ್ರಾಫೈಟ್ ತುಂಬಿದ ಸ್ಪೈರಲ್ ವೂಂಡ್ (ಸುರುಳಿ ಸುತ್ತಿದ ಲೋಹಪಟ್ಟಿಯ) ಪ್ಯಾಕಿಂಗ್ ಹಾಕಿ, ರಬ್ಬರ್ ಶೀಟ್ ಕತ್ತರಿಸಿ ಹಾಕಲೇಬೇಡಿ. ಒಮ್ಮೆ ಬಿಚ್ಚಿದ ಪ್ಯಾಕಿಂಗ್ ಮತ್ತೆ ಬೇಡ. ಬೋಲ್ಟು ಬಿ-7 ಸ್ಟಡ್, ನಟ್ 2-ಎಚ್. ಬಿಗಿಯುವಾಗ ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದ್ದು. ಒಂದೇ ಸಲ ಪೂರ್ತಿ ಅಲ್ಲ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ. ಇನ್ನೊಂದು: ಎರಕದ ಕಬ್ಬಿಣದ ಪಂಪಿನ ಸಪಾಟು ಫ್ಲ್ಯಾಂಜಿಗೆ ನಡುವೆ ಉಬ್ಬಿರುವ ಉಕ್ಕಿನ ಫ್ಲ್ಯಾಂಜ್ ಕೂರಿಸಿ ಬಿಗಿದರೆ ಪಂಪಿನ ಕಿವಿ ಚಟ್ ಅಂತ ಮುರಿಯುತ್ತದೆ. ಅಲ್ಲಿ ಎರಡೂ ಸಪಾಟು ಇರಬೇಕು, ಪ್ಯಾಕಿಂಗ್ ಪೂರ್ತಿ ಮುಖಕ್ಕೆ ಬರಬೇಕು.

ಹಳೇ ಚೂಡಿ ಜಾಯಿಂಟಿನ ಮೇಲೆಯೇ ಒಂದು ಸುತ್ತು ವೆಲ್ಡ್ ಹೊಡೆಯೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಒಳಗಿನ ಟೆಫ್ಲಾನ್ ಸುಟ್ಟು ವಿಷದ ಹೊಗೆ ಬರುತ್ತದೆ. ಜಿ.ಐ. ಮೇಲಿನ ಸತು ಸುಟ್ಟರೆ ವೆಲ್ಡರ್‌ಗೆ ಸಂಜೆಗೆ ಚಳಿ ಜ್ವರ ಗ್ಯಾರಂಟಿ. ಹಾಲು ಕುಡಿದರೆ ಹೋಗುತ್ತದೆ ಅನ್ನುವುದು ಬರೀ ನಂಬಿಕೆ. ಅವನೂ ಮನೆಗೆ ಹೋಗಬೇಕಾದ ಮನುಷ್ಯ, ಅಲ್ವಾ?

ಕಾನೂನಿನ ಮಾತು ಚಿಕ್ಕದಾಗಿ. ಒತ್ತಡ 3.5 ಕೆ.ಜಿ. ದಾಟಿದ ಸ್ಟೀಮ್ ಪೈಪ್ ಭಾರತೀಯ ಬಾಯ್ಲರ್ ನಿಯಮಾವಳಿಯ, ಅಂದರೆ ಐ.ಬಿ.ಆರ್.ನ ಅಡಿಯಲ್ಲಿ ಬರುತ್ತದೆ. ಬಾಯ್ಲರ್‌ಗೆ ಮಾತ್ರ ಸರ್ಟಿಫಿಕೇಟ್ ಸಾಕು, ಪೈಪ್ ನಮ್ಮ ಇಷ್ಟ ಅಂದುಕೊಂಡವರು ಬಹಳ. ನಿಮ್ಮದು 8 ಕೆ.ಜಿ. ಆದ್ದರಿಂದ ಪೈಪ್ ಕತ್ತರಿಸುವ ಮೊದಲೇ ಡ್ರಾಯಿಂಗಿಗೆ ಬಾಯ್ಲರ್ ಇಲಾಖೆಯ ಒಪ್ಪಿಗೆ ಬೇಕು. ವಾಲ್ವು, ಫಿಟಿಂಗಿಗೆ ಫಾರ್ಮ್ 3-ಸಿ ಬೇಕು. ವೆಲ್ಡರ್ ಐ.ಬಿ.ಆರ್. ಸರ್ಟಿಫಿಕೇಟ್ ಇದ್ದವನೇ ಆಗಬೇಕು. ಕೊನೆಗೆ ಇನ್‌ಸ್ಪೆಕ್ಟರ್ ಮುಂದೆ ನೀರು ತುಂಬಿ ಒತ್ತಡ ಪರೀಕ್ಷೆ. ನೀರಿನ ಬದಲು ಗಾಳಿ ತುಂಬಿ ಪರೀಕ್ಷೆ ಮಾಡೋಣ ಅಂದವರನ್ನು ಗೇಟಿನಲ್ಲೇ ನಿಲ್ಲಿಸಿ. ಸಾಮಾನು ಬಂದಾಗ ಫಿಟಿಂಗ್ ಕೈಗೆ ತಗೊಂಡು ನೋಡಿ. ಕಂಪನಿ ಗುರುತು, ಎ-105, 3000, ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ಸಂಖ್ಯೆ), ಇಷ್ಟೂ ಲೋಹದ ಮೇಲೆ ಒತ್ತಿರಬೇಕು. ಹೀಟ್ ನಂಬರ್ ಕಾಗದದಲ್ಲಿರುವುದಕ್ಕೆ ತಾಳೆಯಾಗದಿದ್ದರೆ ವಾಪಸ್ ಕಳಿಸಿ, ಎಷ್ಟೇ ಅರ್ಜೆಂಟ್ ಇರಲಿ.

ಗಾಳಿ ಲೈನು

ಗಾಳಿ ಲೈನಿಗೆ ಜಿ.ಐ. ಚೂಡಿ ನಡೆಯುತ್ತದೆ. ಅಲ್ಲಿ ಹಿಗ್ಗುವ ಕುಗ್ಗುವ ಕಾಟ ಇಲ್ಲ. ಮುಖ್ಯ ಲೈನಿನಿಂದ ಕವಲು ತೆಗೆಯುವಾಗ ಪೈಪಿನ ಮೇಲ್ಭಾಗದಿಂದ ತೆಗೆದು ಕೆಳಗೆ ಬಗ್ಗಿಸಿ, ನೀರು ಯಂತ್ರಕ್ಕೆ ಹೋಗುವುದಿಲ್ಲ.

ಆದರೆ ಪಿ.ವಿ.ಸಿ. ಪೈಪ್ ಗಾಳಿಗೆ ಎಂದೂ ಬೇಡ. ಪೈಪಿನ ಮೇಲೆ 10 ಕೆ.ಜಿ. ಅಂತ ಬರೆದಿದೆ, ನಮ್ಮದು 7 ಕೆ.ಜಿ. ತಾನೇ ಅಂತ ಕೇಳುತ್ತಾರೆ. ಆ 10 ಕೆ.ಜಿ. ನೀರಿಗೆ, ಅದೂ 27 ಡಿಗ್ರಿಯಲ್ಲಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಕೆಳಗೆ ಎಷ್ಟಿರುತ್ತದೆ ನಿಮಗೇ ಗೊತ್ತು. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ, ಬಣ್ಣ ನೋಡಿ ತೊಗರಿ ಬೇಳೆ ಆರಿಸುವ ಯಂತ್ರಕ್ಕೆ ಪಿ.ವಿ.ಸಿ. ಗಾಳಿ ಲೈನ್ ಹಾಕಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ಅದು ಒಡೆಯಿತು. ನಾನು ಹೋಗಿ ನೋಡಿದಾಗ ಬೇಳೆ ಚೀಲಗಳಲ್ಲಿ ಪೈಪಿನ ಚೂರುಗಳು ಚಾಕುವಿನ ಹಾಗೆ ನಾಟಿದ್ದವು. ಊಟದ ಹೊತ್ತು, ಅಲ್ಲಿ ಯಾರೂ ಇರಲಿಲ್ಲ. ನೀರಿನ ಪೈಪ್ ಸೀಳಿದರೆ ನೀರು ಚೆಲ್ಲಿ ಒತ್ತಡ ಇಳಿಯುತ್ತದೆ. ಗಾಳಿ ಸ್ಪ್ರಿಂಗಿನ ಹಾಗೆ ಒತ್ತಿ ಕೂತಿರುತ್ತದೆ.

ಸಣ್ಣ ಸೋರಿಕೆಯನ್ನೂ ಬಿಡಬೇಡಿ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತು ನಿಮಿಷಕ್ಕೆ 20ರಿಂದ 25 ಘನ ಅಡಿ ಗಾಳಿ ಕಕ್ಕುತ್ತದೆ. ಅಷ್ಟು ಗಾಳಿ ತಯಾರಿಸಲು ಐದಾರು ಎಚ್.ಪಿ. ಮೋಟರ್ ಓಡಬೇಕು. ಭಾನುವಾರ ಯಂತ್ರಗಳೆಲ್ಲ ನಿಂತಾಗ ಸೋಪಿನ ನೀರು ಹಿಡಿದು ಒಂದು ಸುತ್ತು ಬನ್ನಿ.

ಗೇಜ್ ಹಾಕುವಾಗ ಒಂದು ಎಚ್ಚರ. ನಮ್ಮ ಅಂಗಡಿಗಳಲ್ಲಿ ಬಿ.ಎಸ್.ಪಿ. (ಬ್ರಿಟಿಷ್ ಅಳತೆಯ) ಚೂಡಿ ಸಿಗುತ್ತದೆ, ಕೆಲವು ಯಂತ್ರಗಳ ಜೊತೆ ಎನ್.ಪಿ.ಟಿ. (ಅಮೆರಿಕನ್ ಅಳತೆಯದು) ಬರುತ್ತದೆ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡರಲ್ಲೂ ಇಂಚಿಗೆ 14 ಚೂಡಿ. ಆದ್ದರಿಂದ ಒಂದರೊಳಗೆ ಒಂದು ತಿರುಗುತ್ತದೆ, ಕೂತಿತು ಅನ್ನಿಸುತ್ತದೆ. ಆದರೆ ಒಂದರ ಹಲ್ಲಿನ ಕೋನ 55 ಡಿಗ್ರಿ, ಇನ್ನೊಂದರದ್ದು 60. ಎಷ್ಟು ಟೇಪ್ ಸುತ್ತಿದರೂ ಅದು ಸೋರುತ್ತದೆ. ಒಂದರಿಂದ ಎರಡು ಇಂಚಿನವರೆಗೆ 11 ಮತ್ತು ಹನ್ನೊಂದೂವರೆ, ಅಲ್ಲಿ ಎರಡು ಮೂರು ಸುತ್ತಿಗೇ ಹಿಡಿದುಕೊಳ್ಳುತ್ತದೆ. ಸ್ಟೋರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಡಬ್ಬ ಇಡಿಸಿ. ಚೂಡಿ ಹಲ್ಲಿನ ಅಂತರ ಅಳೆಯುವ ಪಿಚ್ ಗೇಜ್ ಒಂದನ್ನು ಫಿಟ್ಟರ್ ಕೈಗೆ ಕೊಡಿ.

ಆಸಿಡ್ ಮತ್ತು ಲೈ

ಸ್ಟೇನ್‌ಲೆಸ್ ಹಾಕಿದರೆ ಎಲ್ಲದಕ್ಕೂ ಬರುತ್ತದೆ ಅನ್ನುವ ನಂಬಿಕೆ ಇಲ್ಲಿ ಬಹಳ ದುಬಾರಿ. ಹೈಡ್ರೋಕ್ಲೋರಿಕ್ ಆಸಿಡ್‌ಗೆ 304 ಆಗಲಿ 316 ಆಗಲಿ ನಿಲ್ಲುವುದಿಲ್ಲ. ತಣ್ಣನೆಯ ಆಸಿಡ್‌ಗೆ ಸಿ.ಪಿ.ವಿ.ಸಿ. ಅಥವಾ ಪಾಲಿಪ್ರೊಪಿಲೀನ್ ಸಾಕು. ಬಿಸಿ ಇದ್ದರೆ ಒಳಗೆ ಟೆಫ್ಲಾನ್ ಲೈನಿಂಗ್ ಇರುವ ಉಕ್ಕಿನ ಪೈಪ್. ಸಿ.ಪಿ.ವಿ.ಸಿ. ಅಂಟಿಸುವ ಮುಂಚೆ ತುದಿಯ ಚೂಪು ಕೆರೆದು, ಪ್ರೈಮರ್ ಹಚ್ಚಿ, ಸಿಮೆಂಟ್ ಹಚ್ಚಿ, ಒತ್ತಿ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಕೈಬಿಟ್ಟರೆ ಪೈಪ್ ತಾನೇ ಹಿಂದೆ ಸರಿಯುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ಚೂಡಿ ಕತ್ತರಿಸಲೇಬೇಡಿ. ವಾಲ್ವ್ ಹತ್ತಿರ ಫ್ಲ್ಯಾಂಜ್ ಹಾಕಿ, ಪ್ರತಿ ಫ್ಲ್ಯಾಂಜಿಗೂ ಕವಚ ಕಟ್ಟಿ. ಜನ ಓಡಾಡುವ ದಾರಿಯ ಮೇಲೆ ಜಾಯಿಂಟ್ ಬರದ ಹಾಗೆ ಪೈಪ್ ತುಂಡುಗಳ ಅಳತೆ ಹಾಕಿ.

ಕಾಸ್ಟಿಕ್ ಲೈ ತಣ್ಣಗಿದ್ದರೆ ಕಾರ್ಬನ್ ಸ್ಟೀಲ್ ನಡೆಯುತ್ತದೆ. ಬಟ್ ವೆಲ್ಡ್ ಮಾಡಿಸಿ, ಸಾಕೆಟ್ ಸಂದಿಯಲ್ಲಿ ಲೈ ನಿಲ್ಲುವುದು ಬೇಡ. ಜಿ.ಐ., ಅಲ್ಯುಮಿನಿಯಂ ಎರಡೂ ಬೇಡ. ಲೈ ಅವನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ನಿಮ್ಮ ಊರಿಗೆ ಒಂದು ವಿಶೇಷ ಮಾತು: 50% ಲೈ ಸುಮಾರು 12 ಡಿಗ್ರಿಗೆ ಗಟ್ಟಿಯಾಗಲು ಶುರುವಾಗುತ್ತದೆ. ಬೀದರ್‌ನ ಡಿಸೆಂಬರ್ ರಾತ್ರಿಗೆ ಅದು ದೂರದ ಮಾತಲ್ಲ. ಲೈನ್ ಕಟ್ಟಿತು ಅಂತ ಸ್ಟೀಮ್ ಟ್ರೇಸಿಂಗ್ (ಸ್ಟೀಮ್ ಹರಿಯುವ ಸಣ್ಣ ನಳಿಗೆ) ಸುತ್ತಿ ಜೋರಾಗಿ ಕಾಯಿಸಲು ಹೋಗಬೇಡಿ. ಬಿಸಿ ಲೈ ವೆಲ್ಡಿನ ಪಕ್ಕದಲ್ಲೇ ಉಕ್ಕನ್ನು ಸೀಳಿಸುತ್ತದೆ. ಲೈನಿಗೆ ಇಳಿಜಾರು ಕೊಟ್ಟು ಸಂಜೆ ಖಾಲಿ ಮಾಡಿಡಿ, ಇಲ್ಲವೇ ಲೈಯನ್ನೇ ತೆಳು ಮಾಡಿಟ್ಟುಕೊಳ್ಳಿ.

ಹೊಸ ಲೈನ್ ಬರಲು ಒಂದೆರಡು ತಿಂಗಳು ಬೇಕು. ಅಲ್ಲಿಯವರೆಗೆ ಸೋಮವಾರ ಬೆಳಗ್ಗೆ ಮೊದಲು ಡ್ರೈನ್ ತೆರೆಯಿರಿ. ಮುಖ್ಯ ವಾಲ್ವನ್ನು ಕಾಲು ಸುತ್ತು ಮಾತ್ರ ಬಿಟ್ಟು ಹದಿನೈದಿಪ್ಪತ್ತು ನಿಮಿಷ ಪೈಪ್ ಕಾಯಲಿ. ಡ್ರೈನಿನಿಂದ ನೀರು ನಿಂತು ಒಣ ಸ್ಟೀಮ್ ಬಂದಮೇಲೆ ಪೂರ್ತಿ ತೆರೆಯಿರಿ. ಹನಿಯುವ ಎಲ್ಬೋ ಹತ್ತಿರ ಯಾರೂ ನಿಲ್ಲದ ಹಾಗೆ ಹಗ್ಗ ಕಟ್ಟಿ.

ಮತ್ತೆ, ಈ ಭಾನುವಾರ ಲೈನ್ ತಣ್ಣಗಿದ್ದಾಗ ಪ್ರತಿ ಕ್ಲಾಂಪಿನ ಅಂಚಿಗೆ ಪೈಪಿನ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆಯಿರಿ. ಸೋಮವಾರ ಮಧ್ಯಾಹ್ನ ಯಾವ ಗೆರೆ ಕ್ಲಾಂಪಿನಿಂದ ಎಷ್ಟು ಸರಿದಿದೆ, ಯಾವುದು ಅಲ್ಲಾಡೇ ಇಲ್ಲ, ಮಿ.ಮೀ.ನಲ್ಲಿ ಅಳೆದು ಬರೆದಿಡಿ. ಕೈಗೆ ದಪ್ಪ ಗ್ಲೌಸ್ ಇರಲಿ. ಆ ಅಳತೆಯ ಚೀಟಿಯನ್ನು ಡ್ರಾಯಿಂಗ್ ಮಾಡುವವರ ಮುಂದೆ ಇಟ್ಟು, ಆಂಕರ್ ಎಲ್ಲಿ, ಲೂಪ್ ಎಲ್ಲಿ ಅಂತ ಅದರಿಂದಲೇ ಮಾತು ಶುರು ಮಾಡಿ.